ತೆನೆ ಎಂಬ ಹುಡುಗಿಯ ತಾಯಿ ಎಲ್ಲಿದ್ದರೂ ಬರಬೇಕು

ಮೊದಲಿಗೆ ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಇಂಥದ್ದನ್ನು ಬೇರೆ ಯಾರಾದರೂ ಬರೆದಿದ್ದರೆ ನಾನು ಅರ್ಧಕ್ಕೇ ಪುಟ ಮಗುಚಿ ಬೇರೆ ಕೆಲಸ ನೋಡಿಕೊಳ್ಳುತ್ತಿದ್ದೆ. ಯಲಬುರ್ಗಾ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು ನಾನು. ಪ್ರತಿ ವರ್ಷ ಎಂಟನೇ ತರಗತಿಯ ಮಕ್ಕಳ ಮುಂದೆ ಅರಿಶಿನದ ನೀರಿಗೆ ಸುಣ್ಣ ಬೆರೆಸಿ ರಕ್ತ ಬರಿಸುತ್ತೇನೆ, ಅಂಗೈ ಮೇಲೆ ಕರ್ಪೂರ ಉರಿಸುತ್ತೇನೆ, ಆಮೇಲೆ ಅದರ ಗುಟ್ಟನ್ನೂ ಹೇಳಿಕೊಡುತ್ತೇನೆ. ಊರಿನಲ್ಲಿ ಯಾವಳೋ ಹೆಣ್ಣುಮಗಳ ಮೈಮೇಲೆ ಏನೋ ಬಂದಿದೆ ಎಂದರೆ, ಮೊದಲು ಅವಳ ರಕ್ತ ಪರೀಕ್ಷೆ ಮಾಡಿಸಿ ಎಂದು ಜಗಳಕ್ಕೇ ನಿಲ್ಲುತ್ತಿದ್ದೆ. ನಮ್ಮ ಮುಖ್ಯೋಪಾಧ್ಯಾಯರು, "ಟೀಚರ್ ಬಂದ್ರು ಅಂದ್ರ ದೆವ್ವ ತಾವೇ ಹಾಜರಿ ಹಾಕಿ ಮನಿಗಿ ಹೋಗ್ತಾವ ನೋಡ್ರಿ," ಎಂದು ಸ್ಟಾಫ್ ರೂಮಿನಲ್ಲಿ ನಗಿಸುತ್ತಿದ್ದರು. ಆ ಮಾತು ನನಗೆ ಇಷ್ಟವೂ ಆಗಿತ್ತು.

ಅಂಥವಳ ಮೈ ಕೆಲವು ವರ್ಷಗಳ ಹಿಂದೆ ಒಂದು ಸಂಜೆ ತಣ್ಣಗಾಗಿಹೋಯಿತು. ಅದೂ ಸ್ಮಶಾನದಲ್ಲಲ್ಲ, ಹಾಳುಗುಡಿಯಲ್ಲಲ್ಲ. ಸಾವಿರಾರು ಬಣ್ಣದ ದೀಪ ಹಚ್ಚಿ, ಹಾಡು ಹಾಕಿ, ಮಕ್ಕಳು ಕಿರುಚಿ ಕುಣಿಯುತ್ತಿದ್ದ ಒಂದು ಥೀಮ್ ಪಾರ್ಕಿನಲ್ಲಿ.

ಆ ಸಂಜೆಯ ಮಾತು ನಿಮಗೆ ಅರ್ಥವಾಗಬೇಕಾದರೆ ಅದಕ್ಕಿಂತ ಹಿಂದಿನ ಎರಡು ಸಂಗತಿ ಹೇಳಬೇಕು. ಎರಡನ್ನೂ ನಾನು ಯಾರ ಮುಂದೆಯೂ ಬಾಯಿ ಬಿಟ್ಟಿರಲಿಲ್ಲ.

ನನಗೊಬ್ಬಳು ಮಗಳು ಹುಟ್ಟಿದ್ದಳು. ನಾಲ್ಕು ದಿನ ಇದ್ದಳು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ತನಕ ಮಗುವಿಗೆ ಹೆಸರಿಲ್ಲ. ಹೆಸರಿಲ್ಲದೆ ಹೋದ ಕೂಸನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. "ನಿಮಗ ಮಕ್ಕಳು ಎಷ್ಟ್ರಿ?" ಎಂದು ಕೇಳಿದರೆ "ಇಲ್ರಿ" ಎನ್ನಬೇಕು, ಹಾಗೆಯೇ ಅನ್ನುತ್ತಾ ಬಂದೆ. ಆದರೆ ನಾನು ಒಳಗೊಳಗೇ ಅವಳಿಗೆ ಹೆಸರು ಇಟ್ಟಾಗಿತ್ತು. ಬಸುರಿಯಾಗಿದ್ದಾಗ ದಿನಾ ಬಸ್ಸಿನಲ್ಲಿ ಶಾಲೆಗೆ ಹೋಗುವಾಗ ರಸ್ತೆಯ ಎರಡೂ ಬದಿ ಬಿಳಿಜೋಳದ ಹೊಲ. ನಾನು ನೋಡನೋಡುತ್ತಲೇ ಪೈರೆಲ್ಲ ತೆನೆ ಬಿಟ್ಟಿತು. ಮಗಳು ಹುಟ್ಟಿದರೆ ತೆನೆ ಎಂದು ಕರೆಯಬೇಕು ಅನಿಸಿತು. ಕೇಳಿದವರು ನಕ್ಕಾರು ಎಂದು ಗಂಡನಿಗೂ ಹೇಳಿರಲಿಲ್ಲ. ತೊಟ್ಟಿಲ ದಿನ ಹೇಳಿದರಾಯಿತು ಎಂದುಕೊಂಡಿದ್ದೆ. ಆ ದಿನ ಬರಲೇ ಇಲ್ಲ. ಆಮೇಲೆ ನನಗೆ ಮಕ್ಕಳೂ ಆಗಲಿಲ್ಲ.

ಆರು ವರ್ಷ ಕಳೆದ ಮೇಲೆ ಗಂಗಾವತಿಯಲ್ಲಿರುವ ನನ್ನ ತಮ್ಮ ಬಸವರಾಜನಿಗೆ ಹೆಣ್ಣುಮಗು ಆಯಿತು. ನಮ್ಮ ಕಡೆ ಹೆಸರಿಡುವುದು ಸೋದರತ್ತೆಯ ಹಕ್ಕು. ಆಕೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ 'ಕುರ್ರ್' ಎಂದು ಹೆಸರು ಹೇಳಬೇಕು. ಬಗ್ಗಿದ್ದೇ ತಡ, ಸುತ್ತ ನಿಂತ ಹೆಂಗಸರೆಲ್ಲ ಸೇರಿ ಆಕೆಯ ಬೆನ್ನಿಗೆ ಗುದ್ದಬೇಕು. ವರ್ಷಗಟ್ಟಲೆ ಮನಸ್ಸಿನಲ್ಲಿಟ್ಟುಕೊಂಡ ಸಿಟ್ಟನ್ನೆಲ್ಲ ಅವತ್ತು ತೀರಿಸಿಕೊಳ್ಳುವವರೂ ಇದ್ದಾರೆ. ಅವತ್ತು ನನ್ನ ಬೆನ್ನಿಗೂ ಚೆನ್ನಾಗಿಯೇ ಬಿದ್ದವು. ಆ ಗದ್ದಲದಲ್ಲಿ, ಮಗುವಿನ ಕಿವಿಯ ಹತ್ತಿರ ಬಾಯಿ ಇಟ್ಟವಳು ನಾನು, ಮನೆಯವರು ಆರಿಸಿದ್ದ ಸಾನ್ವಿ ಎಂಬ ಹೆಸರು ಹೇಳುವ ಮೊದಲು 'ತೆನೆ' ಎಂದುಬಿಟ್ಟೆ. ಬೇಕೆಂದು ಮಾಡಿದ್ದೋ, ಬಾಯಿ ತಪ್ಪಿದ್ದೋ, ನಿಜವಾಗಿ ಹೇಳಲಾರೆ. ತಕ್ಷಣ 'ಸಾನ್ವಿ, ಸಾನ್ವಿ, ಸಾನ್ವಿ' ಎಂದು ಮೂರು ಸಲ ಕೂಗಿ ಎದ್ದೆ. ಯಾರಿಗೂ ಕೇಳಿಸಿರಲಿಲ್ಲ. ನನ್ನ ಕಣ್ಣಲ್ಲಿ ನೀರು ನೋಡಿ, ಗುದ್ದು ಜೋರಾಗಿ ಬಿತ್ತು ಎಂದು ಎಲ್ಲರೂ ನಕ್ಕರು.

ಸತ್ತ ಮಗುವಿನ ಹೆಸರನ್ನು ಬದುಕಿ ಬಾಳಬೇಕಾದ ಕೂಸಿನ ಕಿವಿಗೆ ಹಾಕಿದೆನಲ್ಲ ಎಂದು ಎಷ್ಟೋ ದಿನ ಪರಿತಪಿಸಿದೆ. ಸಾನ್ವಿಗೆ ಜ್ವರ ಬಂದಿದೆ ಎಂದು ಫೋನ್ ಬಂದರೆ ಅದು ಇಳಿಯುವ ತನಕ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಿದ್ದೆ. ಮೂಢನಂಬಿಕೆ ಬೇಡ ಎಂದು ಮಕ್ಕಳಿಗೆ ಬೋಧಿಸುವವಳ ಒಳಗಿನ ಬಂಡವಾಳ ಇಷ್ಟೇ.

ಈಗ ಪಾರ್ಕಿಗೆ ಬರುತ್ತೇನೆ. ಗಂಗಾವತಿಯಿಂದ ಸ್ವಲ್ಪ ದೂರದಲ್ಲಿ, ಭತ್ತದ ಗದ್ದೆಗಳ ನಡುವೆ, ನೀರಿನಾಟದ ಒಂದು ದೊಡ್ಡ ಪಾರ್ಕ್ ಇದೆ. ಹೆಸರು ಬೇಡ, ಅವರದೇನೂ ತಪ್ಪಿಲ್ಲ. ಡಿಸೆಂಬರ್ ಕೊನೆಯ ವಾರ ಅಲ್ಲಿ ಕ್ರಿಸ್‌ಮಸ್ ಸಂಭ್ರಮ ಎಂದು ಪೇಪರಿನೊಳಗೆ ಕರಪತ್ರ ಬಂದಿತ್ತು. ಸಾನ್ವಿಗೆ ಆಗ ಆರು ವರ್ಷ. ಸಾಂತಾ ತಾತನನ್ನು ನೋಡಲೇಬೇಕು ಎಂದು ಹಟ. ನನ್ನ ಗಂಡ ಕುಷ್ಟಗಿಯಲ್ಲಿನ ಬೀಜದ ಅಂಗಡಿ ಬಿಟ್ಟು ಬರುವವರಲ್ಲ, ನಾನೊಬ್ಬಳೇ ಹಿಂದಿನ ದಿನ ತಮ್ಮನ ಮನೆಗೆ ಬಂದಿದ್ದೆ. ಮರುದಿನ ಮಧ್ಯಾಹ್ನ ತಮ್ಮ, ಅವನ ಹೆಂಡತಿ ಶ್ರೀದೇವಿ, ಸಾನ್ವಿ, ನಾನು, ಕಾರಿನಲ್ಲಿ ಹೊರಟೆವು.

ಜನವೋ ಜನ. ಹನುಮನಹಳ್ಳಿ ಕಡೆ ಬೆಟ್ಟ ಹತ್ತಿ ಇಳಿದವರೂ ಅಲ್ಲಿಗೇ ಬಂದಿದ್ದರು, ಕಾರಟಗಿ ಕಡೆಯಿಂದ ಟ್ರ್ಯಾಕ್ಸು ತುಂಬಿಕೊಂಡೂ ಬಂದಿದ್ದರು. ಕಬ್ಬಿಣದ ಸರಳಿಗೆ ಹಸಿರು ಪ್ಲಾಸ್ಟಿಕ್ ಸುತ್ತಿ ಎರಡಂತಸ್ತಿನ ಮನೆಯಷ್ಟು ಎತ್ತರದ ಕ್ರಿಸ್‌ಮಸ್ ಮರ ನಿಲ್ಲಿಸಿದ್ದರು. ಯೇಸು ಹುಟ್ಟಿದ ಕೊಟ್ಟಿಗೆಯ ಗೋದಲಿಯನ್ನು ಸುತ್ತಲಿನ ಗದ್ದೆಯ ಭತ್ತದ ಹುಲ್ಲಿನಲ್ಲೇ ಮಾಡಿದ್ದರು. ಅದರ ಮುಂದೆ ನಿಂತ ಹೆಂಗಸರು ಗುಡಿಯಲ್ಲಿ ಮಾಡುವ ಹಾಗೆ ಕೈಮುಗಿದು, ಮಕ್ಕಳಿಗೂ ಮುಗಿಸಿ ಮುಂದೆ ಹೋಗುತ್ತಿದ್ದರು. ಕೆಂಪು ಬಟ್ಟೆಯ ಸಾಂತಾ ಬೆವರಿ ಗಡ್ಡವನ್ನು ಗಳಿಗೆಗೊಮ್ಮೆ ಕೆಳಗೆ ಜಗ್ಗಿ ಉಸಿರು ಬಿಡುತ್ತಿದ್ದ. ಸಾನ್ವಿ ಅದನ್ನು ನೋಡಿ, "ಅತ್ತಿ, ತಾತನ ಗಡ್ಡದ ಒಳಗ ಇನ್ನೊಂದು ಮೀಸಿ ಐತಿ," ಎಂದಳು. ವಿಜ್ಞಾನಿಯಾಗುವ ಲಕ್ಷಣ ಇದೆ ಎಂದು ನನಗೆ ಖುಷಿಯಾಯಿತು.

ಸಂಜೆ ಆರರ ಹೊತ್ತಿಗೆ ದೀಪಗಳು ಹತ್ತಿದವು. ಗದ್ದೆಗಳ ಕಡೆಯಿಂದ ಚಳಿ ಎದ್ದಿತು. ನೀರಿನಲ್ಲಿ ಆಡಿದ ಶ್ರೀದೇವಿ ಬಟ್ಟೆ ಬದಲಿಸಲು ಹೋದಳು, ತಮ್ಮ ಮಿರ್ಚಿ ತರುತ್ತೇನೆಂದು ಹೋದ. "ಅಕ್ಕಾರ, ಹುಡುಗಿ ಕೈ ಬಿಡಬ್ಯಾಡ್ರಿ, ಭಾಳ ಮಂದಿ ಐತಿ," ಎಂದು ಶ್ರೀದೇವಿ ಹೇಳಿಯೇ ಹೋಗಿದ್ದಳು.

ಆಗ ಹಿಮ ಬೀಳಿಸುವ ಕಾರ್ಯಕ್ರಮ ಶುರುವಾಯಿತು. ಹಿಮವೆಂದರೆ ಸೋಪಿನ ನೊರೆ. ಯಂತ್ರದಿಂದ ಅದನ್ನು ಮೇಲಕ್ಕೆ ಉಗುಳುತ್ತಾರೆ, ಕೆಳಗೆ ಮಕ್ಕಳು ಕುಣಿಯುತ್ತಾರೆ. ಒಂದು ಮುದ್ದೆ ನೊರೆ ನೇರವಾಗಿ ಬಂದು ನನ್ನ ಕನ್ನಡಕದ ಮೇಲೆ ಬಿತ್ತು. ಏನೂ ಕಾಣಲಿಲ್ಲ. ಸಾನ್ವಿಯ ಕೈ ಬಿಟ್ಟು, ಕನ್ನಡಕ ತೆಗೆದು, ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡೆ. ಸಾನ್ವಿ ಇರಲಿಲ್ಲ.

ಮೊದಲು ಇಲ್ಲೇ ನೊರೆಯಲ್ಲಿ ಆಡುತ್ತಿರಬೇಕು ಎಂದುಕೊಂಡೆ. ಒಂದೊಂದು ಮಗುವಿನ ಮುಖವನ್ನೂ ಹಿಡಿದು ತಿರುಗಿಸಿ ನೋಡಿದೆ. ಒಬ್ಬ ತಾಯಿ ನನ್ನನ್ನು ಬೈದಳು. ಕೂಗಿದೆ, ಹಾಡಿನ ಅಬ್ಬರದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಶ್ರೀದೇವಿ ಬಂದು, "ಸಾನ್ವಿ ಎಲ್ಲದಾಳ್ರಿ?" ಎಂದು ಕೇಳಿದಾಗ ನಾನು ಇನ್ನೂ ಮಕ್ಕಳ ಮುಖ ತಿರುಗಿಸಿ ನೋಡುತ್ತಲೇ ಇದ್ದೆ. ಆಕೆ ಉತ್ತರಕ್ಕೆ ಕಾಯದೆ ಗೇಟಿನ ಕಡೆ ಓಡಿದಳು. ಅಷ್ಟರಲ್ಲಿ ಬಂದ ತಮ್ಮ, ಕೈಯಲ್ಲಿದ್ದ ಮಿರ್ಚಿ ಪೊಟ್ಟಣವನ್ನು ಅಲ್ಲೇ ಚೆಲ್ಲಿ ರಾಟವಾಳಗಳ ಕಡೆ ಓಡಿದ. ನಾನು ಅಲೆ ಏಳುವ ಕೊಳದ ಕಡೆ ಓಡಿದೆ. ಅಲೆ ನಿಲ್ಲಿಸಿ ಹಗ್ಗ ಕಟ್ಟಿದ್ದರು, ಆದರೆ ಹಗ್ಗದ ಕೆಳಗೆ ಒಂದು ಮಗು ನುಸುಳುವುದು ಎಷ್ಟು ಹೊತ್ತಿನ ಮಾತು? ನೀಲಿ ನೀರಿನ ಮೇಲೆ ಬಣ್ಣದ ದೀಪಗಳು ಬಿದ್ದು ತಳ ಕಾಣುತ್ತಿರಲಿಲ್ಲ. ಇದು ನನ್ನಿಂದಲೇ ಆದದ್ದು, ಅವತ್ತು ತೊಟ್ಟಿಲಲ್ಲಿ ಆ ಹೆಸರು ಹೇಳಿದ್ದಕ್ಕೇ ಆದದ್ದು ಎಂದು ನನಗೆ ಖಚಿತವಾಗಿ ಅನಿಸಿತು. ಕಲಿತದ್ದು, ಕಲಿಸಿದ್ದು ಯಾವುದೂ ಆ ಗಳಿಗೆಯಲ್ಲಿ ಸಹಾಯಕ್ಕೆ ಬರಲಿಲ್ಲ.

ಅಷ್ಟರಲ್ಲಿ ಹಾಡು ನಿಂತಿತು. ಪಾರ್ಕಿನ ಎಲ್ಲ ಕಂಬದ ಸ್ಪೀಕರುಗಳಲ್ಲೂ ಒಂದೇ ಗಂಡಸಿನ ಧ್ವನಿ ಬಂತು.

"ದಯವಿಟ್ಟು ಗಮನಿಸಿ. ತೆನೆ ಎಂಬ ಹೆಸರಿನ ಹುಡುಗಿ ತನ್ನ ತಾಯಿಯನ್ನು ಹುಡುಕುತ್ತಿದ್ದಾಳೆ. ತೆನೆ. ತೆನೆಯ ತಾಯಿ ಎಲ್ಲಿದ್ದರೂ ಕೂಡಲೇ ಗೋದಲಿಯ ಪಕ್ಕದ ಮಾಹಿತಿ ಕೇಂದ್ರಕ್ಕೆ ಬರಬೇಕು."

ಎರಡು ಸಲ ಹೇಳಿದರು. ನನ್ನ ಪಕ್ಕದಲ್ಲಿದ್ದ ಒಬ್ಬಾಕೆ ಗಂಡನಿಗೆ, "ಇದೆಂಥಾ ಹೆಸರ್ರೀ, ಜ್ವಾಳದ ತೆನಿಯಂಗ," ಎಂದು ನಕ್ಕಳು. ಹಾಗಾಗಿ ನಾನು ಒಬ್ಬಳೇ ಕೇಳಿಸಿಕೊಂಡದ್ದಲ್ಲ ಎಂಬುದು ಖಾತ್ರಿ.

ನನ್ನ ಜೀವಮಾನದಲ್ಲಿ ಆ ಹೆಸರನ್ನು ಬೇರೊಬ್ಬರ ಬಾಯಿಂದ ಕೇಳಿದ್ದು ಅದೇ ಮೊದಲು. ಗಟ್ಟಿಯಾಗಿ ನಾನೇ ಒಂದು ದಿನವೂ ಹೇಳಿಕೊಂಡಿರಲಿಲ್ಲ. ಇನ್ನೊಂದು ಸಂಗತಿಯನ್ನೂ ಮುಚ್ಚಿಡದೆ ಹೇಳುತ್ತೇನೆ. ಆ ಗಳಿಗೆಯಲ್ಲಿ ನಾನು ಸಾನ್ವಿಯನ್ನು ಮರೆತುಬಿಟ್ಟೆ. ಜನರನ್ನು ತಳ್ಳಿಕೊಂಡು, ಸೀರೆ ಎತ್ತಿಕಟ್ಟಿ ಓಡಿದೆನಲ್ಲ, ಸಾನ್ವಿಗಾಗಿ ಓಡಲಿಲ್ಲ.

ಮಾಹಿತಿ ಕೇಂದ್ರವೆಂದರೆ ಗಾಜಿನ ಒಂದು ಸಣ್ಣ ಕೋಣೆ. ಅದರ ಹೊರಗಿನ ಬೆಂಚಿನ ಮೇಲೆ ಸಾನ್ವಿ ಕುಳಿತಿದ್ದಳು. ತಲೆಯ ತುಂಬ ನೊರೆ, ಅತ್ತು ಅತ್ತು ಕೆಂಪಾದ ಮುಖ. ಅವಳನ್ನು ದೂರದಿಂದಲೇ ನೋಡಿದೆ. ನೋಡಿದ ಮೇಲೆ ನನ್ನ ಕಣ್ಣು ಬೇರೆ ಎಲ್ಲೂ ಹೋಗಲಿಲ್ಲ. ಓಡಿಹೋಗಿ ಎತ್ತಿಕೊಂಡು ಎದೆಗೆ ಅವಚಿಕೊಂಡೆ.

ಬೆಂಚಿನ ಪಕ್ಕದಲ್ಲಿ ಖಾಕಿ ಸ್ವೆಟರಿನ ಕಾವಲುಗಾರ್ತಿಯೊಬ್ಬಳು ನಿಂತಿದ್ದಳು. ಐವತ್ತರ ಹತ್ತಿರದ ಹೆಂಗಸು. "ಸಮಾಧಾನ ಮಾಡ್ಕೊರ್ರಿ ಯವ್ವಾ, ಸಿಕ್ಕಾಳಲ್ಲ," ಎಂದಳು.

ಉಸಿರು ಹಿಡಿದುಕೊಂಡು ಕೇಳಿದೆ, "ಇಕಿ ತನ್ನ ಹೆಸರು ತೆನೆ ಅಂತ ಹೇಳಿದ್ಲೇನ್ರಿ?"

"ಇಕಿ ಎಲ್ಲಿ ಹೇಳ್ತಾಳ್ರಿ, ಬಾಯೇ ಬಿಡ್ಲಿಲ್ಲ, ಬರೇ ಅಳಾಕತ್ತಿದ್ಲು. ಹೇಳಿದಾಕಿ ದೊಡ್ಡಾಕಿ."

"ಯಾರು ದೊಡ್ಡಾಕಿ?"

"ಇಕಿ ಕೈ ಹಿಡ್ಕೊಂಡು ಬಂದಿದ್ಲಲ್ರಿ. ಇಬ್ರೂ ಕೂಡೇ ಬಂದ್ರು. ಹನ್ನೆರಡು ವರ್ಷದಾಕಿ ಇರಬೇಕು. ನೀರಾಗ ಆಡಿ ಬಂದಿದ್ಲೇನೋ, ತಲಿ ಎಲ್ಲಾ ತೊಯ್ದಿತ್ತು. ನಿನ್ನ ಹೆಸರೇನವಾ ಅಂದ್ರ ತೆನೆ ಅಂದ್ಲು. ಯಾರ ಕೂಡ ಬಂದಿ ಅಂದ್ರ ನಮ್ಮವ್ವನ ಕೂಡ ಅಂದ್ಲು. ಅದಕ್ಕ ಸಾಹೇಬ್ರು ಮೈಕಿನ್ಯಾಗ ಹಂಗ ಹೇಳಿದ್ರು." ಆಕೆ ನನ್ನ ಹಿಂದೆ ಕಣ್ಣು ಹಾಯಿಸಿ ನೋಡಿದಳು. "ಈಗ ನೀವು ಬರೂದು ನೋಡಿ, ಅಗಾ ನಮ್ಮವ್ವ ಬಂದ್ಲು ಅಂತ ನಿಮ್ಮ ಕಡೇನ ಓಡಿದ್ಲು. ನಿಮಗ ಎದುರಾಗ್ಲಿಲ್ಲೇನ್ರಿ?"

ನಾನು ಹಿಂದಕ್ಕೆ ತಿರುಗಿ ನೋಡಲಿಲ್ಲ. ತಿರುಗಬೇಕೆಂದರೆ ಕುತ್ತಿಗೆ ಕೇಳಲಿಲ್ಲ. ನನ್ನ ಮಗಳು ಇದ್ದಿದ್ದರೆ ಅವಳಿಗೂ ಆಗ ಹನ್ನೆರಡೇ ಆಗುತ್ತಿತ್ತು. ಈ ಲೆಕ್ಕವನ್ನು ನಾನು ಯೋಚಿಸಿ ಮಾಡಬೇಕಾಗಿರಲಿಲ್ಲ.

ಗಾಜಿನ ಕೋಣೆಯೊಳಗಿಂದ ಮೈಕಿನ ಮನುಷ್ಯ ಹೊರಗೆ ಬಂದ. ತಲೆಯ ಮೇಲೆ ಕೆಂಪು ಟೊಪ್ಪಿಗೆ. ಅದೇ ಹೊತ್ತಿಗೆ ತಮ್ಮ, ಶ್ರೀದೇವಿ ಇಬ್ಬರೂ ಏದುಸಿರು ಬಿಡುತ್ತಾ ಓಡಿ ಬಂದರು. ಅಳುವ ಮಗುವೊಂದು ಮಾಹಿತಿ ಕೇಂದ್ರದಲ್ಲಿದೆ ಎಂದು ಯಾರೋ ಅವರಿಗೆ ಹೇಳಿದ್ದರಂತೆ. ಶ್ರೀದೇವಿ ನನ್ನ ಕೈಯಿಂದ ಸಾನ್ವಿಯನ್ನು ಕಿತ್ತುಕೊಂಡ ಹಾಗೆ ತೆಗೆದುಕೊಂಡಳು. ಮೈಕಿನ ಮನುಷ್ಯ ಒಂದು ವಹಿ ಹಿಡಿದು ನನ್ನನ್ನೇ ಕೇಳಿದ.

"ಸಣ್ಣಾಕಿ ಸಿಕ್ಲಲ್ರಿ ಮೇಡಮ್. ಆ ದೊಡ್ಡಾಕಿನೂ ನಿಮ್ಮಾಕಿನೇ ಏನ್ರಿ? ಗದ್ದಲದಾಗ ಮತ್ತೆಲ್ಲಿ ಹ್ವಾದ್ಲೋ, ಬೇಕಂದ್ರ ಇನ್ನೊಮ್ಮೆ ಕೂಗ್ತೀನಿ."

ತಮ್ಮ ನನ್ನ ಮುಖ ನೋಡಿದ. ಶ್ರೀದೇವಿ ನೋಡಿದಳು. ಹೌದು ಎಂದರೆ ಏನು ಹೇಳಬೇಕಾಗುತ್ತಿತ್ತು ಎಂಬುದು ಒಂದೇ ಕ್ಷಣದಲ್ಲಿ ನನ್ನ ತಲೆಯಲ್ಲಿ ಹಾದುಹೋಯಿತು. ತೊಟ್ಟಿಲ ದಿನದ್ದು, ಆ ಹೆಸರು, ಎಲ್ಲ. ಮಗಳನ್ನು ಈಗಷ್ಟೇ ಕಳೆದುಕೊಂಡು ಪಡೆದ ತಾಯಿಯ ಮುಂದೆ.

"ಅಲ್ರಿ," ಎಂದೆ. "ನಮ್ಮಾಕಿ ಇಕಿ ಒಬ್ಬಾಕಿನೇ."

ಆತ ವಹಿ ಮುಚ್ಚಿದ. ಹಾಡು ಮತ್ತೆ ಶುರುವಾಯಿತು.

ವಾಪಸು ಬರುವಾಗ ಕಾರಿನಲ್ಲಿ ಸಾನ್ವಿ ಹಿಂದಿನ ಸೀಟಿನಲ್ಲಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಅವ್ವನ ಹತ್ತಿರ ಕೂಡು ಎಂದರೂ ಕೇಳದೆ ನನ್ನ ಹತ್ತಿರ ಬಂದಿದ್ದಳು. ಊರಿನ ದೀಪಗಳು ಕಾಣುವ ಹೊತ್ತಿಗೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಮೆಲ್ಲಗೆ ಕೇಳಿದಳು.

"ಅತ್ತಿ, ಆ ಅಕ್ಕನ್ನ ನೀ ಯಾಕ ಮಾತಾಡ್ಸಲಿಲ್ಲ?"

"ಯಾವ ಅಕ್ಕ ಪುಟ್ಟಾ?"

"ನನ್ನ ಕರಕೊಂಡು ಬಂದಾಕಿ. ನಿನ್ನ ಹಿಂದ ಸೆರಗು ಹಿಡ್ಕೊಂಡು ನಿಂತಿದ್ಲಲ್ಲ."

ನನ್ನ ಕೈ ಸೆರಗಿನ ತುದಿಗೆ ಹೋಯಿತು. ಅವಳು ಮುಂದುವರಿಸಿದಳು. "ನೀ 'ಅಲ್ಲ' ಅಂದ್ಯಲ್ಲ, ಆವಾಗ ಬಿಟ್ಲು. ನಾವು ಹೊಂಟು ಬರೂವಾಗ ಅಲ್ಲೇ ನಿಂತಿದ್ಲು."

ಇಷ್ಟು ಹೇಳಿ ನನ್ನ ತೊಡೆಯ ಮೇಲೆ ಮಲಗಿ ನಿದ್ದೆ ಹೋದಳು. ಮರುದಿನ ಅವಳಿಗೆ ಸಾಂತಾ ತಾತನ ಒಳಮೀಸೆ ಬಿಟ್ಟರೆ ಬೇರೇನೂ ನೆನಪಿರಲಿಲ್ಲ. ಈಗ ಕೇಳಿದರೆ, ಯಾವ ಅಕ್ಕ ಎಂದು ನನ್ನನ್ನೇ ಕೇಳುತ್ತಾಳೆ. ದೇವರ ದಯೆಯಿಂದ, ಇಂಥ ಮಾತು ನನ್ನ ಬಾಯಿಂದ ಬರುತ್ತದೆಂದು ನಾನು ಎಣಿಸಿರಲಿಲ್ಲ, ಆರೋಗ್ಯವಾಗಿದ್ದಾಳೆ.

ನೀವು ಹೇಳಬಹುದಾದ್ದನ್ನೆಲ್ಲ ನನಗೆ ನಾನೇ ಹೇಳಿಕೊಂಡಿದ್ದೇನೆ. ತೆನೆ ಎಂಬ ಹೆಸರಿನ ಇನ್ನೊಬ್ಬ ಹುಡುಗಿ ಇರಬಾರದೆಂದೇನಿದೆ? ನನ್ನಂತೆಯೇ ಹೊಲ ನೋಡಿ ಹೆಸರಿಟ್ಟ ತಾಯಿ ಇನ್ನೊಬ್ಬಳು ಇರಬಹುದು. ಆ ಹುಡುಗಿ ಯಾರೋ ಬೇರೆಯವರನ್ನು ನೋಡಿ ನಮ್ಮವ್ವ ಎಂದು ಓಡಿರಬಹುದು. ಗಾಬರಿಯಾದ ಆರು ವರ್ಷದ ಮಗು ಏನಾದರೂ ಕಲ್ಪಿಸಿಕೊಂಡಿರಬಹುದು. ಪಾರ್ಕಿನ ಗೋದಲಿಯ ಎದುರಿಗೇ ಕ್ಯಾಮೆರಾ ಇತ್ತು, ನಾನೇ ನೋಡಿದ್ದೆ. ಹೋಗಿ ಕೇಳಿದ್ದರೆ ಒಂದು ದಿನದಲ್ಲಿ ಎಲ್ಲ ಇತ್ಯರ್ಥವಾಗುತ್ತಿತ್ತು. ಪರೀಕ್ಷೆ ಮಾಡದೆ ಯಾವುದನ್ನೂ ನಂಬಬೇಡಿ ಎಂದು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು, ಆ ಒಂದು ಪರೀಕ್ಷೆಗೆ ಹೋಗಲಿಲ್ಲ. ಅದರಲ್ಲಿ ಯಾರೂ ಕಾಣದಿದ್ದರೆ ಏನು ಮಾಡಲಿ ಎಂಬ ಹೆದರಿಕೆ. ಕಂಡರೆ ಏನು ಮಾಡಲಿ ಎಂಬ ಹೆದರಿಕೆ ಅದಕ್ಕಿಂತ ಹೆಚ್ಚು.

ಈಗಲೂ ಶಾಲೆಯಲ್ಲಿ ಕರ್ಪೂರ ಉರಿಸುತ್ತೇನೆ, ಸುಣ್ಣ ಬೆರೆಸುತ್ತೇನೆ. ಗುಟ್ಟು ಹೇಳುವಾಗ ಮೊದಲಿನ ಹಾಗೆ ಧ್ವನಿ ಏರುವುದಿಲ್ಲ. ಅವತ್ತು ಆದದ್ದೇನು ಎಂದು ನನಗೆ ಗೊತ್ತಿಲ್ಲ, ಗೊತ್ತಾಗುವ ದಾರಿಯೂ ಕಾಣುವುದಿಲ್ಲ. ಅದಕ್ಕಿಂತ ಹೆಚ್ಚಾಗಿ ನನ್ನ ನಿದ್ದೆ ಕೆಡಿಸುವ ಮಾತು ಬೇರೆ. ಯಾರ ಮಗಳಾದರೂ ಆಗಿರಲಿ, ಹನ್ನೆರಡು ವರ್ಷದ ಹುಡುಗಿ, ತೊಯ್ದ ತಲೆಯಲ್ಲಿ, ಆ ಚಳಿಯಲ್ಲಿ ಒಬ್ಬಳೇ ಅಲ್ಲಿ ನಿಂತಿದ್ದಳಲ್ಲ. ನಾವೆಲ್ಲ ಕಾರು ಹತ್ತಿ ಬಂದ ಮೇಲೆ ಅವಳನ್ನು ಯಾರು ಕರೆದುಕೊಂಡು ಹೋದರು?